ಡೀಸೆಲ್ಲಿನೊಳಗಿನ ನೀರು ಯಾರದು?

ಮಳೆ ಹಿಡಿಯಿತೆಂದರೆ ಕೊಡಗಿನ ವಾಹನ ಮಾಲೀಕರಿಗೆ ಒಂದು ಹೊಸ ತಲೆನೋವು ಶುರುವಾಗುತ್ತದೆ. ಸಂಪಾಜೆ ಘಾಟಿಯ ಏರಿನಲ್ಲೋ ಮಾಕುಟ್ಟದ ತಿರುವಿನಲ್ಲೋ ಪಿಕಪ್ ಗಾಡಿ ಮುಕ್ಕರಿಸುತ್ತದೆ, ಬಿಳಿ ಹೊಗೆ ಉಗುಳಿ ನಿಂತುಬಿಡುತ್ತದೆ. ಎಳೆಸಿಕೊಂಡು ಹೋಗಿ ಡೀಲರ್ ಬಳಿ ಬಿಟ್ಟರೆ ಎರಡು ದಿನ ಕಳೆದು ಫೋನು ಬರುತ್ತದೆ: ‘ಡೀಸೆಲ್ಲಿನಲ್ಲಿ ನೀರಿದೆ. ಪಂಪು, ಇಂಜೆಕ್ಟರ್ ಎಲ್ಲ ಹೋಗಿವೆ. ಇದಕ್ಕೆ ವಾರಂಟಿ ಇಲ್ಲ.’ ಬಂಕಿನವರನ್ನು ಕೇಳಿದರೆ ‘ನಮ್ಮ ಟ್ಯಾಂಕಿನಲ್ಲಿ ತೊಟ್ಟು ನೀರಿಲ್ಲ’ ಎನ್ನುತ್ತಾರೆ. ಮಾಲೀಕ ‘ನಾನಂತೂ ನೀರು ಹಾಕಿಲ್ಲ’ ಎನ್ನುತ್ತಾನೆ. ಮೂವರ ಮಾತೂ ನಿಜವೇ ಇರಬಹುದು. ಆದರೆ ಲಕ್ಷ ದಾಟಿದ ಬಿಲ್ಲನ್ನು ಯಾರಾದರೂ ಒಬ್ಬರು ಕಟ್ಟಲೇಬೇಕಲ್ಲ!

ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೀಗೇ ಆಯಿತು. ಸಾಲದಲ್ಲಿ ಕೊಂಡ ಗಾಡಿ. ತಾನೇ ಓಡಿಸಿ ಕಾಫಿ, ಶುಂಠಿ, ಗೊಬ್ಬರ ಸಾಗಿಸಿ ಮನೆ ನಡೆಸುವವನು. ಬಿಲ್ಲು ಹಿಡಿದುಕೊಂಡು ಬಂದು, ‘ಸಾರ್, ಅಷ್ಟು ನೀರು ಎಲ್ಲಿಂದ ಬಂತು ಅಂತ ನೀವೇ ಹೇಳಿ’ ಎಂದ. ಪ್ರಶ್ನೆ ವಿಜ್ಞಾನದ್ದು. ಆದ್ದರಿಂದ ಉತ್ತರವನ್ನೂ ಅಲ್ಲಿಯೇ ಹುಡುಕೋಣ.

ಹಿಂದಿನ ಲಾರಿಗಳಿಗೆ ಈ ಕಾಟ ಇಷ್ಟಿರಲಿಲ್ಲ. 1951ರಲ್ಲಿ ಹುಟ್ಟಿದ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಂಪನಿಯ ಪಂಪುಗಳನ್ನು ನೆನಪಿಸಿಕೊಳ್ಳಿ. ಅಂಥ ಗಾಡಿಗಳಲ್ಲಿ ನಾಜಲ್ ತೆರೆದುಕೊಳ್ಳುತ್ತಿದ್ದುದು ವಾಯುಮಂಡಲದ ಒತ್ತಡದ ಸುಮಾರು ಇನ್ನೂರು ಪಟ್ಟು ಒತ್ತಡದಲ್ಲಿ. ಗಾಡಿ ನಿಂತರೆ ಕ್ಲೀನರ್ ಹುಡುಗನೇ ಸ್ಪ್ಯಾನರ್ ಹಿಡಿದು ಏರ್ ತೆಗೆದು ಹೊರಡಿಸುತ್ತಿದ್ದ. ಈಗಿನದು ಕಾಮನ್ ರೈಲ್ ವ್ಯವಸ್ಥೆ. 1997ರಲ್ಲಿ ಯೂರೋಪಿನ ಕಾರುಗಳಿಗೆ ಬಂದ ಇದು ಈಗ ನಮ್ಮ ಪಿಕಪ್ಪುಗಳಲ್ಲೂ ಇದೆ. ಇದರಲ್ಲಿ ಒತ್ತಡ ಎರಡು ಸಾವಿರ ಪಟ್ಟಿನವರೆಗೂ ಏರುತ್ತದೆ. ಎಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಎರಡು ಟನ್ ಭಾರ. ಖಾಲಿ ಪಿಕಪ್ಪೊಂದನ್ನು ಹೆಬ್ಬೆರಳಿನ ಉಗುರಿನ ಮೇಲೆ ನಿಲ್ಲಿಸಿದಂತೆ!

ಇಷ್ಟು ಒತ್ತಡ ಸೋರದೆ ನಿಲ್ಲಬೇಕಾದರೆ ಪಂಪಿನ ಬಿಡಿಭಾಗಗಳ ನಡುವಿನ ಸಂದು ಎರಡು ಮೂರು ಮೈಕ್ರಾನ್ ಮಾತ್ರ ಇರಬೇಕು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು ಎಪ್ಪತ್ತು ಮೈಕ್ರಾನ್. ಆ ಸಂದಿನಲ್ಲಿ ಜಾರೆಣ್ಣೆಯ ಕೆಲಸ ಮಾಡುವುದು ಡೀಸೆಲ್ಲೇ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷ ಭಾಗಕ್ಕೆ ಹತ್ತು ಭಾಗವನ್ನು ಮೀರುವಂತಿಲ್ಲ. ಹೊಗೆಗೆ ಅದು ಒಳ್ಳೆಯದೇ. ಆದರೆ ಗಂಧಕ ತೆಗೆಯುವಾಗ ಡೀಸೆಲ್ಲಿನ ಸಹಜ ಜಾರುಗುಣವೂ ಕಡಿಮೆಯಾಗುತ್ತದೆ. ಆ ಕೊರತೆಯನ್ನು ಬೇರೆ ರಾಸಾಯನಿಕ ಬೆರೆಸಿ ತುಂಬುತ್ತಾರೆ. ಇಂಥ ಕಡೆ ನೀರು ನುಗ್ಗಿದರೆ ಜಾರುಪದರ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ, ತುಕ್ಕು ಹಿಡಿಯುತ್ತದೆ.

ಹಾಗಾದರೆ ನೀರು ಬಂದದ್ದೆಲ್ಲಿಂದ? ‘ಟ್ಯಾಂಕಿನೊಳಗೆ ಇಬ್ಬನಿ ಕಟ್ಟಿದೆ’ ಎನ್ನುವುದು ವರ್ಕ್‌ಶಾಪಿನ ಸಿದ್ಧ ಉತ್ತರ. ಲೆಕ್ಕ ಹಾಕಿ ನೋಡೋಣ. ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ 25 ಡಿಗ್ರಿಯಲ್ಲಿ ಸುಮಾರು 23 ಗ್ರಾಂ ನೀರಾವಿ ಇರುತ್ತದೆ. 15 ಡಿಗ್ರಿಗೆ ಇಳಿದರೆ ಸುಮಾರು 13 ಗ್ರಾಂ. ಟ್ಯಾಂಕಿನಲ್ಲಿ 40 ಲೀಟರ್ ಜಾಗ ಖಾಲಿ ಇದ್ದರೆ ಒಂದು ರಾತ್ರಿಗೆ ಇಳಿಯುವ ನೀರು 0.4 ಗ್ರಾಂ, ಅಂದರೆ ಏಳೆಂಟು ಹನಿ. ನೂರು ರಾತ್ರಿ ಹೀಗೇ ಆದರೂ 40 ಗ್ರಾಂ ದಾಟದು. ಫಿಲ್ಟರಿನ ತಳದಲ್ಲಿ ನೀರು ನಿಲ್ಲುವ ಬಟ್ಟಲನ್ನು ಆಗಾಗ ಬಸಿದರೆ ಮುಗಿಯಿತು. ಟ್ಯಾಂಕಿನಲ್ಲಿ ಅರ್ಧ ಲೀಟರ್ ನೀರು ಸಿಕ್ಕಿದೆ ಎಂದಾದರೆ ಅದು ಇಬ್ಬನಿಯಲ್ಲ. ಯಾರೋ ತುಂಬಿದ ಡೀಸೆಲ್ಲಿನ ಜೊತೆಯಲ್ಲೇ ಬಂದಿದೆ.

ನಮ್ಮ ಜಿಲ್ಲೆಯಲ್ಲಿ ಅನುಮಾನ ಬರಬೇಕಾದದ್ದು ತೋಟದ ಬ್ಯಾರೆಲ್ಲಿನ ಮೇಲೆ. ಬಂಕು ದೂರ, ಕರೆಂಟು ನಂಬುವಂತಿಲ್ಲ. ಹಾಗಾಗಿ ಜನರೇಟರಿಗೆ, ಸ್ಪ್ರಿಂಕ್ಲರ್ ಪಂಪಿಗೆ ಎಂದು ಡೀಸೆಲ್ ತುಂಬಿದ ಬ್ಯಾರೆಲ್ ಶೆಡ್ಡಿನ ಹೊರಗೆ ನೆಟ್ಟಗೆ ನಿಂತಿರುತ್ತದೆ. ಮಳೆ ನೀರು ಅದರ ತಲೆಯ ಮೇಲೆ ತಟ್ಟೆಯಲ್ಲಿ ನಿಂತಂತೆ ನಿಲ್ಲುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ಮರೆಯ ಸಂದಿನಿಂದ ಹೊರಟುಹೋಗುತ್ತದೆ. ಸಂಜೆ ತಣ್ಣಗಾದಾಗ ಕುಗ್ಗುತ್ತದೆ. ಪ್ರೌಢಶಾಲೆಯಲ್ಲಿ ಓದಿದ ಚಾರ್ಲ್ಸನ ನಿಯಮ ಇದೇ. ಒಳಗೆ 100 ಲೀಟರ್ ಗಾಳಿ ಇದ್ದು 15 ಡಿಗ್ರಿ ಇಳಿದರೆ ಐದು ಲೀಟರಿನಷ್ಟು ಜಾಗ ಒಳಕ್ಕೆ ಎಳೆಯುತ್ತದೆ. ಮುಚ್ಚಳದ ಮೇಲೆ ನೀರು ನಿಂತಿದ್ದರೆ ಗಾಳಿಯ ಬದಲು ನೀರೇ ಇಳಿಯುತ್ತದೆ. ಬಿಗಿಯಾಗಿ ಮುಚ್ಚಿದ್ದೆವಲ್ಲ ಎಂದು ಆಮೇಲೆ ಆಶ್ಚರ್ಯಪಟ್ಟು ಫಲವಿಲ್ಲ. ಬ್ಯಾರೆಲ್ಲನ್ನು ಸೂರಿನಡಿ ಅಡ್ಡಲಾಗಿ, ಎರಡು ಮುಚ್ಚಳಗಳೂ ಒಂದೇ ಮಟ್ಟದಲ್ಲಿ ಬರುವಂತೆ ಮಲಗಿಸಬೇಕು. ತಳದ ನಾಲ್ಕು ಬೆರಳಷ್ಟನ್ನು ಗಾಡಿಗೆ ಹಾಕಬಾರದು.

ನನ್ನ ವಿದ್ಯಾರ್ಥಿಯೂ ಒಮ್ಮೆ ಬಾಡಿಗೆಯ ಲೆಕ್ಕಕ್ಕೆ ತೋಟದ ಡೀಸೆಲ್ ಹಾಕಿಸಿಕೊಂಡಿದ್ದನಂತೆ. ಅದೇ ವಾರ ಬಂಕಿನಲ್ಲೂ ತುಂಬಿಸಿದ್ದ. ಯಾವುದರಿಂದ ಬಂತು ಎಂದು ಹೇಳಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ಟ್ಯಾಂಕು ತೊಳೆದಾಗಿತ್ತು, ಹಳೆಯ ಇಂಜೆಕ್ಟರುಗಳು ಗುಜರಿಗೆ ಹೋಗಿದ್ದವು. ನೀರು ಇತ್ತೆಂದು ಡೀಲರ್ ಸಾಬೀತು ಮಾಡುವಂತಿಲ್ಲ, ಇರಲಿಲ್ಲವೆಂದು ಇವನು ತೋರಿಸುವಂತಿಲ್ಲ. ಕಡೆಗೆ ಕೈಸಾಲ ಮಾಡಿ ಬಿಲ್ಲು ಕಟ್ಟಿದ.

ಆದ್ದರಿಂದ ಗಾಡಿ ಬಿಚ್ಚುವ ಮುನ್ನವೇ ಎಚ್ಚರ ಬೇಕು. ಫಿಲ್ಟರಿನಿಂದ, ಟ್ಯಾಂಕಿನ ತಳದಿಂದ ನಿಮ್ಮೆದುರೇ ಡೀಸೆಲ್ ಬಸಿಯಲು ಹೇಳಿ. ಸ್ವಚ್ಛವಾದ ಎರಡು ಗಾಜಿನ ಬಾಟಲಿಗಳಿಗೆ ತುಂಬಿ, ಅರಗಿನ ಮುದ್ರೆ ಹಾಕಿ, ಇಬ್ಬರೂ ಸಹಿ ಮಾಡಿ ಒಂದೊಂದು ಇಟ್ಟುಕೊಳ್ಳಿ. ನೀರು ಡೀಸೆಲ್ಲಿಗಿಂತ ಭಾರ; ಹತ್ತು ನಿಮಿಷದಲ್ಲಿ ತಳದಲ್ಲಿ ಬೇರೆ ಪದರವಾಗಿ ಕಾಣುತ್ತದೆ. ಬಿಚ್ಚಿದ ಭಾಗಗಳ ಫೋಟೊ ತೆಗೆಯಿರಿ. ತುಕ್ಕಿದ್ದರೆ ನೀರಿನ ಮಾತಿಗೆ ಬಲ ಬರುತ್ತದೆ. ತುಕ್ಕಿಲ್ಲದೆ ಬರೀ ಲೋಹದ ಪುಡಿ ಹೊಳೆಯುತ್ತಿದ್ದರೆ, ಪಂಪೇ ಸವೆದದ್ದೇಕೆ ಎಂದು ಕೇಳುವ ಹಕ್ಕು ನಿಮಗಿದೆ. ವಾರಂಟಿ ನಿರಾಕರಿಸಿದ ಕಾರಣವನ್ನು ಬರೆದುಕೊಡಲು ಹೇಳಿ. ಡೀಲರನ್ನೇ ಖಳನಾಯಕ ಮಾಡಬೇಕಿಲ್ಲ. ಕಂಪನಿ ಹಣ ಕೊಡದಿದ್ದರೆ ನಷ್ಟ ಅವರಿಗೂ ಇದೆ. ಆದರೆ ಸರ್ವಿಸ್ ಎಲ್ಲ ಅವರಲ್ಲೇ ಆಗಿದ್ದು ಫಿಲ್ಟರಿನ ನೀರನ್ನು ಬಸಿದೇ ಇರಲಿಲ್ಲವೆಂದರೆ, ಅದು ಅವರ ಸೇವೆಯ ಲೋಪವೇ. ಜಾಬ್ ಕಾರ್ಡುಗಳನ್ನು ಎಸೆಯಬೇಡಿ.

ಒಪ್ಪಂದ ಆಗದಿದ್ದರೆ ಮಡಿಕೇರಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. 2020ರ ಜುಲೈಯಲ್ಲಿ ಜಾರಿಗೆ ಬಂದ ಕಾಯಿದೆಯ ಪ್ರಕಾರ ಡೀಲರ್ ಮೈಸೂರಿನವರಾದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅವಧಿ ಎರಡು ವರ್ಷ. ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಮೊಹರು ಮಾಡಿದ ಬಾಟಲಿಯ ಬೆಲೆ ಆಗ ತಿಳಿಯುತ್ತದೆ. ‘ಬಾಡಿಗೆ ಗಾಡಿ, ನೀವು ಗ್ರಾಹಕರೇ ಅಲ್ಲ’ ಎಂಬ ವಾದ ಬಂದರೆ ಹೆದರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವನು ಗ್ರಾಹಕನೇ ಎಂದು 1995ರಲ್ಲಿ ಸುಪ್ರೀಂ ಕೋರ್ಟು ವಿವರಿಸಿದೆ. ಚಾಲಕರನ್ನಿಟ್ಟು ಹತ್ತು ಗಾಡಿ ಓಡಿಸುವವರಿಗೆ ಈ ರಕ್ಷಣೆ ಸಿಗುವುದು ಕಷ್ಟ. ಹಾಗೆಯೇ ಕೆಟ್ಟ ಭಾಗದ ಬದಲು ಹೊಸ ಗಾಡಿಯನ್ನೇ ಕೊಡಿ ಎಂದು ಪಟ್ಟು ಹಿಡಿದರೆ ಸಾಮಾನ್ಯವಾಗಿ ನಡೆಯದು. ವಾರಂಟಿಯಲ್ಲಿ ಏನು ಬರೆದಿದೆಯೋ ಅಷ್ಟೇ.

ಇದೆಲ್ಲ ಜಗಳ ಬಂದ ಮೇಲಿನ ಮಾತು. ಬಾರದಿರಲು ಬೇಕಾದದ್ದು ತಿಂಗಳಿಗೆ ಹತ್ತು ನಿಮಿಷ, ಒಂದು ಖಾಲಿ ಜಾಮ್ ಬಾಟಲಿ. ಫಿಲ್ಟರಿನ ತಳದ ತಿರುಪು ಸಡಿಲಿಸಿ ಒಂದಿಷ್ಟು ಬಸಿದು ಬೆಳಕಿಗೆ ಹಿಡಿದು ನೋಡಿ. ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರಿನ ದೀಪ ಹೊತ್ತಿದರೆ ಇನ್ನೊಂದು ಬಾಡಿಗೆ ಮುಗಿಸಿ ನೋಡೋಣ ಎನ್ನಬೇಡಿ; ಎಂಜಿನ್ ಆಫ್ ಮಾಡಿ. ಒಂದು ಬಾಡಿಗೆ ತಪ್ಪಬಹುದು, ಗಾಡಿ ಉಳಿಯುತ್ತದೆ.