ಹೂಗುಚ್ಛ ಕೊಡೋಕೆ ಮಾತ್ರಾನಾ ಸಂಘ?

ಬ್ಯಾಟರಾಯನಪುರದ ಪಿಜಿಯಲ್ಲಿದ್ದುಕೊಂಡು ಎಂಟೆಕ್ ಓದುವಾಗ ನಾನೂ ವಿಭಾಗದ ವಿದ್ಯಾರ್ಥಿ ಸಂಘದಲ್ಲಿದ್ದೆ. ಬ್ಯಾನರ್ ಕಟ್ಟೋದು, ಅತಿಥಿಗಳಿಗೆ ಹೂಗುಚ್ಛ ಕೊಡೋದು, ಅಷ್ಟೇ ಕೆಲಸ. ಸ್ಟೈಪೆಂಡ್ ಮಾತೆತ್ತಿದರೆ ‘ರಾಜಕೀಯ ಬೇಡ’ ಅನ್ನೋರು.

2023ರಲ್ಲಿ ದೇಶದ ಹಲವೆಡೆ ಪಿಎಚ್‌ಡಿ ಸಂಶೋಧಕರು ಪ್ರತಿಭಟಿಸಿದರು. ಜೂನ್‌ನಲ್ಲಿ ಕೇಂದ್ರ ಸರ್ಕಾರ ಜೆಆರ್‌ಎಫ್ ಮೊತ್ತವನ್ನು 31,000ದಿಂದ 37,000 ರೂಪಾಯಿಗೆ ಏರಿಸಿತು. ಅದೇ ಲ್ಯಾಬ್‌ನಲ್ಲಿ ಕೂರುವ, ಗೇಟ್ ಪಾಸಾದ ಎಂಟೆಕ್ ವಿದ್ಯಾರ್ಥಿಯ 12,400 ಮಾತ್ರ ಆಗ ಕದಲಲಿಲ್ಲ.

ನನ್ನ ಪ್ರಕಾರ ಕಾರಣ ಸರಳ. ಎಂಟೆಕ್ ಎರಡೇ ವರ್ಷ. ಬೇಡಿಕೆ ಗಟ್ಟಿಯಾಗೋ ಹೊತ್ತಿಗೆ ಕೇಳಿದವರೇ ಹೊರಟಿರ್ತಾರೆ. ಬ್ಯಾಚ್ ಬದಲಾದರೂ ಬೇಡಿಕೆ ಕೈಬಿಡದಿರೋಕೇ ಸಂಘ ಬೇಕು. ಆದರೆ ಕರ್ನಾಟಕದ ಕಾಲೇಜುಗಳಲ್ಲಿ 1989ರಲ್ಲೇ ಚುನಾವಣೆ ನಿಂತುಹೋಯಿತು. ಎಚ್‌ಒಡಿ ಆರಿಸಿದ ಅಧ್ಯಕ್ಷ ಎಚ್‌ಒಡಿಗೇ ಉತ್ತರ ಕೊಡ್ತಾನೆ, ಸಹಪಾಠಿಗಳಿಗಲ್ಲ.

ನಿಮ್ಮ ವಿಭಾಗದ ಅಧ್ಯಕ್ಷರನ್ನು ಆರಿಸಿದ್ದು ಯಾರು? ಮೊದಲು ಅದನ್ನ ಕೇಳಿ.