ಹುಡುಗ್ರು ಆಕಾಶದಾಗ ಗಣಿ ಯಾಕ ಅಗೀತಾರ?

ನಮ್ಮ ಸಿರಸಂಗಿ ಕಡೆ ಹುಡುಗ್ರು ಕಂಪ್ಯೂಟರಿನ್ಯಾಗ 'ಸ್ಪೇಸ್ ಇಂಜಿನಿಯರ್ಸ್' ಅನ್ನೋ ಆಟ ಆಡ್ತಾರ. 2013ರಾಗ ಬಂದಿದ್ದು. ಬಂಡೆ ಕೊರದು ಅದಿರು ತಗೀಬೇಕು, ಕರಗಿಸಿ ಕಬ್ಬಿಣ ಮಾಡಬೇಕು, ತಗಡು ಮಾಡಿ ಆಕಾಶದ ಹಡಗ ಕಟ್ಟಬೇಕು. ಹೊತ್ತು ಹಾಳ ಅಂತ ಮಂದಿ ಬೈತಾರ. ನಾ ಬೈಯಂಗಿಲ್ಲ.

ಅದರಾಗಿನ ರುಚಿ ಏನು ಗೊತ್ತೇನ್ರಿ? ಅಗದಷ್ಟು ಅದಿರು, ಅದಿರಿನಷ್ಟು ತಗಡು. ದುಡಿಮಿ ಲೆಕ್ಕ ತಪ್ಪಂಗಿಲ್ಲ. ನಮ್ಮ ಉಳ್ಳಾಗಡ್ಡಿಗೆ ಆ ಖಾತ್ರಿ ಎಲ್ಲೈತಿ? ಬೆಳಿ ಚಲೋ ಬಂದ ವರ್ಷಾನೇ ರೇಟ್ ಬೀಳತೈತಿ. ಹುಡುಗ್ರು ಹುಡುಕೋದು ಆ ಖಾತ್ರೀನ.

ಆದ್ರ ಒಂದು ಮಾತು. ಆಟದಾಗ ಒಂದು ಗಣಿ ಮುಗದ್ರ ಇನ್ನೊಂದು ಗ್ರಹಕ್ಕ ಹಾರಬಹುದು. ಕೋಲಾರದ ಚಿನ್ನದ ಗಣಿ 3 ಕಿಲೋಮೀಟರಿಗಿಂತ ಆಳ ಇಳದು, 2001ರಾಗ ಬಂದ್ ಆತು. ಕೆಲಸ ಹೋತು, ಸಯನೈಡ್ ಮಣ್ಣಿನ ಗುಡ್ಡ ಉಳೀತು. ಅಲ್ಲಿಯ ಮಂದಿ ಇವತ್ತಿಗೂ ರೈಲು ಹಿಡದು ಬೆಂಗಳೂರಿಗೆ ದುಡಿಯಾಕ ಹೋಗ್ತಾರ. ಅವರಿಗೆ ಇನ್ನೊಂದು ಗ್ರಹ ಎಲ್ಲಿತ್ತು?

ನಮ್ಮ ಎರಿ ಹೊಲಾನೂ ಬರೇ ತಗೀತಾ ಹೋದ್ರ ಗಣೀನ ಆಗತೈತಿ. ತಗದಷ್ಟು ತಿರುಗಿ ಹಾಕಬೇಕು. ಆಟ ಕಲಿಸದ ಪಾಠ ಇದು, ನಾವ ಕಲಿಸಬೇಕು. ಆಡ್ಲಿ, ಕಟ್ಟೋದು ಕಲೀಲಿ. ದುಡಿಮಿಗೆ ಖಾತ್ರಿ ಬೆಲಿ ಭೂಮಿ ಮ್ಯಾಲೆ ಸಿಗೋತನಕ ಅವರನ್ನ ಬೈಯಾಕ ನಮಗ ಹಕ್ಕಿಲ್ರಿ.