ಬಿಟ್‌ಕಾಯಿನ್ ‘ತಾನಾಗಿಯೇ’ ನಡೆಯುತ್ತದೆಯೇ? ಬ್ಲಾಕ್ ಸಾಗಿಸುವ ಸರ್ವರ್‌ಗಳ ಬಿಲ್ ಕಟ್ಟುವವರು ಯಾರು?

‘ಬಿಟ್‌ಕಾಯಿನ್‌ಗೆ ಮಾಲೀಕರಿಲ್ಲ, ಕಚೇರಿಯಿಲ್ಲ, ಅದು ತಾನಾಗಿಯೇ ನಡೆಯುತ್ತದೆ.’ ಇಂಥ ಫಾರ್ವರ್ಡ್ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಮಾಲೀಕರಿಲ್ಲ, ಕಚೇರಿಯಿಲ್ಲ ಎಂಬುದು ಸರಿ. ತಾನಾಗಿಯೇ ನಡೆಯುತ್ತದೆ ಎಂಬುದು ಅರ್ಧ ಸತ್ಯ. ಉಳಿದರ್ಧ ತಿಳಿಯಬೇಕಾದರೆ ಹೆಚ್ಚು ಜನ ಕೇಳಿರದ ಒಂದು ವ್ಯವಸ್ಥೆಯನ್ನು ನೋಡಬೇಕು: ಮೈನರ್‌ಗಳ ನಡುವೆ ಬ್ಲಾಕ್‌ಗಳನ್ನು ಬೇಗ ತಲುಪಿಸುವ ರಿಲೇ ಜಾಲ.

ಬಿಟ್‌ಕಾಯಿನ್ ವ್ಯವಹಾರಗಳನ್ನು ಕಟ್ಟುಕಟ್ಟಾಗಿ ದಾಖಲಿಸುತ್ತಾರೆ. ಒಂದು ಕಟ್ಟು ಅಂದರೆ ಒಂದು ಬ್ಲಾಕ್. ಅದನ್ನು ಸರಪಳಿಗೆ ಸೇರಿಸಲು ಮೈನರ್‌ಗಳು ಕಂಪ್ಯೂಟರ್‌ಗಳಲ್ಲಿ ಕಠಿಣ ಲೆಕ್ಕವೊಂದರ ಉತ್ತರ ಹುಡುಕುತ್ತಿರುತ್ತಾರೆ. ಸರಾಸರಿ 10 ನಿಮಿಷಕ್ಕೊಮ್ಮೆ ಯಾರಿಗಾದರೂ ಉತ್ತರ ಸಿಗುತ್ತದೆ, ಬಹುಮಾನ ಅವರಿಗೆ. 2016ರ ಜುಲೈವರೆಗೆ ಅದು 25 ಬಿಟ್‌ಕಾಯಿನ್ ಇತ್ತು. 2024ರ ಏಪ್ರಿಲ್‌ನಿಂದ 3.125.

ತೊಂದರೆ ಇರುವುದು ‘ಸಿಕ್ಕಿತು’ ಎಂಬ ಸುದ್ದಿ ಹರಡಲು ಹಿಡಿಯುವ ಸಮಯದಲ್ಲಿ. ಸುದ್ದಿ ಇನ್ನೂ ದಾರಿಯಲ್ಲಿರುವಾಗಲೇ ಮತ್ತೊಬ್ಬರಿಗೂ ಉತ್ತರ ಸಿಕ್ಕರೆ ಎರಡರಲ್ಲಿ ಒಂದೇ ಬ್ಲಾಕ್ ಉಳಿಯುತ್ತದೆ. ಇನ್ನೊಂದರ ವಿದ್ಯುತ್, ಶ್ರಮ, ಬಹುಮಾನ ಎಲ್ಲ ನೀರಿನಲ್ಲಿ ಹೋಮ. 2013ರಲ್ಲಿ ಜ್ಯೂರಿಕ್‌ನ ಇಟಿಎಚ್ ಸಂಶೋಧಕರು ಅಳೆದಾಗ, ಒಂದು ಬ್ಲಾಕ್ ನೆಟ್‌ವರ್ಕ್‌ನ ಕಂಪ್ಯೂಟರೊಂದಕ್ಕೆ ತಲುಪಲು ಸರಾಸರಿ 12.6 ಸೆಕೆಂಡ್ ಬೇಕಿತ್ತು. 40 ಸೆಕೆಂಡ್ ಕಳೆದರೂ ನೂರರಲ್ಲಿ ಐದು ಕಂಪ್ಯೂಟರ್‌ಗಳಿಗೆ ಅದು ಸಿಕ್ಕಿರಲಿಲ್ಲ.

10 ಸೆಕೆಂಡ್ ತಡವಾದರೆ ಏನು ಮಹಾ ಅನ್ನಿಸಬಹುದು. 600 ಸೆಕೆಂಡಿನಲ್ಲಿ 10 ಅಂದರೆ ಶೇ. 1.7ರ ಹತ್ತಿರ. ಆದರೆ ಈ ನಷ್ಟ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಜಗತ್ತಿನ ಮೈನಿಂಗ್ ಶಕ್ತಿಯ ಶೇ. 30 ಹೊಂದಿದ ದೊಡ್ಡ ಗುಂಪಿಗೆ ತನ್ನದೇ ಬ್ಲಾಕ್‌ನ ಸುದ್ದಿ ಕಾಯದೆ ಸಿಗುತ್ತದೆ. ನೂರರಲ್ಲಿ 70 ಬ್ಲಾಕ್‌ಗಳಿಗೆ ಮಾತ್ರ ಅದು ಕಾಯಬೇಕು. ಶೇ. 1 ಶಕ್ತಿಯ ಚಿಕ್ಕವರು 99 ಬ್ಲಾಕ್‌ಗಳಿಗೆ ಕಾಯಬೇಕು. ಹಾಗಾಗಿ ತಡವಾದಷ್ಟೂ ದೊಡ್ಡವರ ಜೊತೆ ಸೇರಿಕೊಳ್ಳುವುದೇ ಲಾಭ. ಮಾಲೀಕರಿಲ್ಲದ ವ್ಯವಸ್ಥೆ ನಿಧಾನವಾಗಿ ಕೆಲವೇ ಕೈಗಳಿಗೆ ಜಾರುವುದು ಹೀಗೆ.

ಇನ್ನೊಂದು ಅಪಾಯವೂ ಉಂಟು. ಸಮಯ ಉಳಿಸಲು ಕೆಲವು ಮೈನರ್‌ಗಳು ಬಂದ ಬ್ಲಾಕನ್ನು ಪೂರ್ತಿ ಪರಿಶೀಲಿಸದೆ ಅದರ ಮೇಲೆ ಮುಂದಿನದನ್ನು ಕಟ್ಟತೊಡಗಿದ್ದರು. (ಓದದೆ ಫಾರ್ವರ್ಡ್ ಒತ್ತುವ ನಮ್ಮ ಅಭ್ಯಾಸದ ಹಾಗೆಯೇ.) 2015ರ ಜುಲೈ 4ರಂದು ಹೊಸ ನಿಯಮಕ್ಕೆ ಹೊಂದದ ಬ್ಲಾಕೊಂದು ಬಂತು. ಅದರ ಮೇಲೆ ಮತ್ತಷ್ಟು ಕಟ್ಟಿಕೊಂಡು ಹೋದರು. ಕೊನೆಗೆ 6 ಬ್ಲಾಕ್‌ಗಳು ಅಮಾನ್ಯವಾಗಿ, 50,000 ಡಾಲರಿಗೂ ಹೆಚ್ಚು ಗಳಿಕೆ ಹೋಯಿತು.

ಹಾಗಾದರೆ ವೇಗ ಹೆಚ್ಚಿಸುವುದು ಹೇಗೆ?

ಶಾಲೆಯ ಹಾಜರಿ ನೆನಪಿಸಿಕೊಳ್ಳಿ. ಹೆಸರು, ಇನಿಷಿಯಲ್ ಎಲ್ಲ ಕೂಗುವ ಬದಲು ರೋಲ್ ನಂಬರ್ ಕೂಗಿದರೆ ಬೇಗ ಮುಗಿಯುತ್ತದೆ. ಬ್ಲಾಕ್‌ನಲ್ಲಿರುವ ಬಹುಪಾಲು ವ್ಯವಹಾರಗಳು ಇತರ ಕಂಪ್ಯೂಟರ್‌ಗಳಿಗೆ ಮೊದಲೇ ತಲುಪಿರುತ್ತವೆ. ಆದ್ದರಿಂದ ಪೂರ್ತಿ ವ್ಯವಹಾರದ ಬದಲು ಚಿಕ್ಕ ಗುರುತು ಕಳಿಸಿದರೆ ಸಾಕು. ಮ್ಯಾಟ್ ಕೊರಾಲೊ ಎಂಬ ಡೆವಲಪರ್ ಇಂಥ ಉಪಾಯದ ರಿಲೇ ಜಾಲವನ್ನು ಕೆಲವು ವರ್ಷ ನಡೆಸಿ, 2016ರಲ್ಲಿ ‘ಫೈಬರ್’ ಎಂಬ ಹೊಸ ಜಾಲ ತಂದರು. ಅದರಲ್ಲಿ ಇನ್ನೊಂದು ಜಾಣ್ಮೆ ಇದೆ. 7 ಮತ್ತು 5 ಕಳಿಸುವಾಗ ಮೊತ್ತ 12ನ್ನೂ ಕಳಿಸಿದರೆ, ದಾರಿಯಲ್ಲಿ ಒಂದು ಅಂಕಿ ಕಳೆದರೂ ಮತ್ತೆ ಕೇಳಬೇಕಿಲ್ಲ, ನಾವೇ ಲೆಕ್ಕ ಹಾಕಿಕೊಳ್ಳಬಹುದು. ಆಗ ಮೈನಿಂಗ್ ಶಕ್ತಿಯ ಬಹುಪಾಲು ಚೀನಾದಲ್ಲಿತ್ತು. ಅಲ್ಲಿಯ ಗಡಿ ದಾಟುವ ಇಂಟರ್ನೆಟ್‌ನಲ್ಲಿ ಡೇಟಾ ಹೀಗೆ ಕಳೆದುಹೋಗುವುದು ಸಾಮಾನ್ಯವಾಗಿತ್ತು.

ಇಷ್ಟಕ್ಕೆ ಬೇರೆ ಬೇರೆ ಖಂಡಗಳಲ್ಲಿ ಸರ್ವರ್ ಬಾಡಿಗೆ ಬೇಕು, ಒಳ್ಳೆಯ ಸಂಪರ್ಕ ಬೇಕು, ರಾತ್ರಿ ಕೆಟ್ಟರೆ ಎದ್ದು ಸರಿಮಾಡುವವರು ಬೇಕು. ಬಿಟ್‌ಕಾಯಿನ್ ನಿಯಮದಲ್ಲಿ ಮೈನರ್‌ಗೆ ಬಹುಮಾನವಿದೆ, ಸುದ್ದಿ ಸಾಗಿಸುವವರಿಗೆ ಬಿಡಿಗಾಸೂ ಇಲ್ಲ. ಊರ ಕೆರೆಯ ಹೂಳಿನ ಕಥೆಯೇ ಇದು: ನೀರು ಎಲ್ಲರ ಗದ್ದೆಗೂ ಬೇಕು, ಹೂಳೆತ್ತಲು ಮಾತ್ರ ಪಕ್ಕದವರು ಬರಲಿ.

ದೇಣಿಗೆ ನಂಬಿದರೆ ಒಂದು ವರ್ಷ ಬರುತ್ತದೆ, ಮರುವರ್ಷ ನಿಲ್ಲುತ್ತದೆ. ದೊಡ್ಡ ಮೈನರ್‌ಗಳೇ ಖರ್ಚು ಹಾಕಿದರೆ ತಮಗಷ್ಟೇ ಖಾಸಗಿ ಜಾಲ ಕಟ್ಟಿಕೊಳ್ಳಬಹುದು. ಆಗ ಚಿಕ್ಕವರು ಇನ್ನಷ್ಟು ಹಿಂದೆ. ಬ್ಲಾಕ್ಸ್‌ರೂಟ್‌ನಂಥ ಕಂಪನಿಗಳು ವೇಗವನ್ನು ಶುಲ್ಕಕ್ಕೆ ಮಾರುತ್ತವೆ, ಕೊಡಬಲ್ಲವರಿಗೆ ಸರಿ. ಒಬ್ಬರೇ ಎಲ್ಲರಿಗೂ ಉಚಿತವಾಗಿ ನಡೆಸಿದರೆ ಅವರಿಗೆ ಸಾಕೆನಿಸಿದ ದಿನ ಏನು? ಕೊರಾಲೊ ಫೈಬರ್‌ನ ಕೋಡನ್ನು ಮುಕ್ತವಾಗಿಟ್ಟು, ಬೇರೆಯವರೂ ಇಂಥ ಜಾಲ ನಡೆಸಲಿ ಎಂದದ್ದು ಇದಕ್ಕೇ.

ನಮಗೆ ಹೆಚ್ಚು ಹಿಡಿಸಿದ ಪರಿಹಾರ ಮಾತ್ರ ಹಣದ್ದಲ್ಲ. 2016ರಲ್ಲೇ ಆ ರೋಲ್ ನಂಬರ್ ಉಪಾಯವನ್ನು ‘ಕಾಂಪ್ಯಾಕ್ಟ್ ಬ್ಲಾಕ್’ ಹೆಸರಿನಲ್ಲಿ ಬಿಟ್‌ಕಾಯಿನ್ ಕೋರ್ ತಂತ್ರಾಂಶದೊಳಗೇ ಸೇರಿಸಿದರು. ಪ್ರತಿ ವ್ಯವಹಾರಕ್ಕೆ 6 ಬೈಟ್‌ನ ಗುರುತು. ಬೇರೆ ಸರ್ವರ್ ಬೇಡ, ಚಂದಾ ಬೇಡ. ಪ್ರತ್ಯೇಕ ಜಾಲಗಳು ಈಗಲೂ ಇದಕ್ಕಿಂತ ವೇಗವಾಗಿರಬಲ್ಲವು, ಆದರೆ ಅವು ಮುಚ್ಚಿದರೂ ಚಿಕ್ಕವರಿಗೆ ಬೀಳುವ ಪೆಟ್ಟು ಮೊದಲಿನಷ್ಟು ದೊಡ್ಡದಲ್ಲ.

ಅಂದಹಾಗೆ, ರಿಲೇ ಜಾಲ ಸಿಕ್ಕಿದ ಬ್ಲಾಕನ್ನು ಸಾಗಿಸುತ್ತದೆಯೇ ಹೊರತು ಹುಡುಕಿಕೊಡುವುದಿಲ್ಲ. ‘ನಮ್ಮ ಹೈಸ್ಪೀಡ್ ನೆಟ್‌ವರ್ಕ್ ಸೇರಿ, ಮೊಬೈಲ್‌ನಲ್ಲೇ ದಿನವೂ ಬಿಟ್‌ಕಾಯಿನ್ ಗಳಿಸಿ’ ಎಂದು ನೋಂದಣಿ ಶುಲ್ಕ ಕೇಳುವ ಸಂದೇಶ ಬಂದರೆ, ಅದಕ್ಕೂ ಇಲ್ಲಿ ಹೇಳಿದ ಜಾಲಗಳಿಗೂ ಯಾವ ಸಂಬಂಧವೂ ಇಲ್ಲ.